ಎರಡು ಸುತ್ತಿನ ಡಬ್ಬ

ಡ್ರೈವರು ಆಸ್ಪತ್ರೆಯ ಶವದ ವ್ಯಾನಿನ ಟ್ಯಾಂಕಿನೊಳಗೆ ಉದ್ದನೆಯ ಕಡ್ಡಿ ಇಳಿಸಿ ಮೇಲೆತ್ತಿದ. ತುದಿ ಒಂದು ಬೆರಳಿನಷ್ಟು ಮಾತ್ರ ಒದ್ದೆಯಾಗಿತ್ತು. ಬಾಗಿಲಲ್ಲಿ ನಿಂತಿದ್ದ ಬೂದಣ್ಣನ ಮಗಳಿಗೆ ಕಾಣುವ ಹಾಗೆ ಕಡ್ಡಿಯನ್ನು ಅಡ್ಡ ಹಿಡಿದ.

“ನೋಡಮ್ಮ, ಇಷ್ಟೇ ಇರೋದು. ಈ ಓಣಿಯ ತಿರುವೂ ದಾಟಲ್ಲ.”

“ಬರುವಾಗಲೇ ತುಂಬಿಸ್ಕೊಂಡು ಬರಬಾರದಾ? ಇವತ್ತೂ ಹೀಗೇನಾ ನೀವು?”

“ಬೇಕು ಅಂತಲೇ ತುಂಬಿಸಿಲ್ಲ.” ಡ್ರೈವರು ಕಡ್ಡಿಯನ್ನು ಪ್ಯಾಂಟಿಗೇ ಒರೆಸಿದ. “ಹನ್ನೊಂದು ವರ್ಷದಿಂದ ಊರಿನ ಎಷ್ಟೋ ಜನರನ್ನ ಅಣ್ಣ ಮಾಡಿದ ಎಣ್ಣೇಲೇ ಮಣ್ಣಿಗೆ ಮುಟ್ಟಿಸಿದೀನಿ. ಅಣ್ಣನ್ನ ಮಾತ್ರ ಬಂಕಿನ ಡೀಸೆಲ್ ಹಾಕಿ ಕರ್ಕೊಂಡು ಹೋಗು ಅಂದ್ರೆ ನನ್ನ ಕೈ ಸ್ಟೇರಿಂಗ್ ಹಿಡಿಯಲ್ಲ. ಶೆಡ್ಡಲ್ಲಿ ಒಂದು ಡ್ರಮ್ಮು ತುಂಬ ಇದೆಯಲ್ಲ, ಅವರ ಕೈಯಾರೆ ಮಾಡಿದ್ದು. ಬೀಗದ ಕೈ ಕೊಡು.”

ಮಗಳು ಬೀಗದ ಕೈಯನ್ನು ಮುಷ್ಟಿಯಲ್ಲೇ ಬಿಗಿಹಿಡಿದಳು.

“ಅದು ಕೆಟ್ಟಿದ್ರೆ?”

ಕೇಳಬಾರದ ಮಾತೇನೂ ಅಲ್ಲ ಅದು. ಎರಡು ತಿಂಗಳ ಹಿಂದೆ ಇದೇ ವ್ಯಾನು ಯಾರದೋ ಅಜ್ಜಿಯನ್ನು ಹೊತ್ತುಕೊಂಡು ಹೋಗುವಾಗ ನಾಲ್ಕು ರಸ್ತೆ ಸೇರುವ ಕಡೆ ಕೆಮ್ಮಿ ನಿಂತುಬಿಟ್ಟಿತ್ತು. ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಗೋಂದು. ಸತ್ತವರ ಮಕ್ಕಳು ಮೊಮ್ಮಕ್ಕಳೆಲ್ಲ ಬಿಸಿಲಲ್ಲಿ ವ್ಯಾನು ತಳ್ಳಿದ್ದರು. ಆಸ್ಪತ್ರೆಯ ಗುಮಾಸ್ತ ಶೆಡ್ಡಿಗೇ ಬಂದು, ಇನ್ನೊಂದು ಸಲ ಹೀಗಾದರೆ ನಿಮ್ಮ ಎಣ್ಣೆಯೂ ಬೇಡ, ನಿಮ್ಮ ಸಹವಾಸವೂ ಬೇಡ ಎಂದು ಹೇಳಿ ಹೋಗಿದ್ದ. ಆ ಎಣ್ಣೆ ಇದ್ದುದರಿಂದಲೇ ವ್ಯಾನಿಗೆ ಬಾಡಿಗೆ ಇರಲಿಲ್ಲ. ಇಲ್ಲದವರೂ ತಮ್ಮವರನ್ನು ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ವ್ಯಾನು ನಿಲ್ಲುವುದಕ್ಕೂ ಒಂದು ತಿಂಗಳ ಮುಂಚೆ ಇಡೀ ಒಂದು ಡ್ರಮ್ಮು ಗಟ್ಟಿಯಾಗಿ ಹೋಗಿತ್ತು. ಬೂದಣ್ಣನಿಗೆ ಅರಳುಮರಳು ಅಂತ ಓಣಿಯ ಬಾಯಿಗೆ ಬಂತು. ಒಮ್ಮೆ ಬಂದದ್ದು ಹೋಗಲಿಲ್ಲ.

“ಅಪ್ಪ ಒಳಗೆ ಮಲಗಿರುವಾಗ ವ್ಯಾನು ನಿಂತರೆ,” ಮಗಳು ದನಿ ತಗ್ಗಿಸಿದಳು, “ನಲವತ್ತು ವರ್ಷ ಮಾಡಿದ ಕೆಲಸ ಯಾರಿಗೂ ನೆನಪಿರಲ್ಲ. ನಿಂತಿದ್ದೊಂದೇ ನೆನಪಿರುತ್ತೆ. ನಂಗೆ ಆ ಡ್ರಮ್ಮು ಬೇಡ.”

“ಟೀಚರಮ್ಮ ಬರಲಿ. ಅವರು ಹೇಳಿದ ಹಾಗೆ ಮಾಡೋಣ.”

ಹೊರಡುವ ಹೊತ್ತು ಹನ್ನೊಂದು ಅಂತ ನಿಗದಿಯಾಗಿತ್ತು. ಆಗ ಒಂಬತ್ತೂವರೆ.

\*

ಬೂದಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಓಣಿಯ ಕೊನೆಯ ದೊಡ್ಡ ಬೇಕರಿಯಲ್ಲಿ ಒಲೆ ಕಾಯುವ ಕೆಲಸಕ್ಕೆ ಸೇರಿದ್ದ. ಸೌದೆ ಹಾಕುವುದು, ಕೆಂಡ ಸರಿಸುವುದು, ಬೂದಿ ಬಾಚುವುದು. ದಿನಕ್ಕೆ ನಾಲ್ಕು ಬುಟ್ಟಿ ಬೂದಿ. ಹಿಂದುಗಡೆ ಗುಂಡಿಗೆ ಸುರಿದರೆ ಗಾಳಿ ಎದ್ದಾಗ ಎಲ್ಲರ ಮನೆಯ ಒಗೆದ ಬಟ್ಟೆಯ ಮೇಲೂ ಕೂರುತ್ತಿತ್ತು. “ಬೂದಣ್ಣ, ನಿನ್ನ ಕೈಗಿಷ್ಟು!” ಅಂತ ಹೆಂಗಸರು ಬೈಯುತ್ತಿದ್ದರು. ಬೈಗುಳ ಹೋಯಿತು, ಹೆಸರು ಉಳಿಯಿತು.

ಒಂದು ದಿನ ಆ ಗುಂಡಿಯ ಅಂಚಿನಲ್ಲಿ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತು ಕಾಗದದ ಪೊಟ್ಟಣಕ್ಕೆ ಬೂದಿ ತುಂಬುತ್ತಿದ್ದಳು. ಹತ್ತಿರದ ಶಾಲೆಯ ವಿಜ್ಞಾನದ ಟೀಚರು.

“ಏನಮ್ಮ, ಪಾತ್ರೆ ತಿಕ್ಕೋಕಾ?”

“ಅಲ್ಲ, ಗಾಡಿ ಓಡಿಸೋಕೆ.”

ಬೂದಣ್ಣ ಆಕೆಯನ್ನು ಒಮ್ಮೆ ನೋಡಿದ. ಬಿಸಿಲು ಜೋರಾಗಿತ್ತು. ಒಳಗಿನಿಂದ ಒಂದು ಸ್ಟೂಲು, ಒಂದು ಲೋಟ ನೀರು ತಂದು, ನೆರಳಲ್ಲಿ ಕೂರಿ, ಮನೆಯವರು ಯಾರಾದರೂ ಬರ್ತಾರಾ ಅಂತ ಮೆತ್ತಗೆ ಕೇಳಿದ. ಟೀಚರು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು.

ಆಮೇಲೆ ಬಿಡಿಸಿ ಹೇಳಿದಳು. ಕರಿದು ಮಿಕ್ಕ ಎಣ್ಣೆಯನ್ನು ಅಂಗಡಿಯವರು ಚರಂಡಿಗೆ ಚೆಲ್ಲುತ್ತಾರೆ. ಅದು ಮಂದ, ಇಂಜಿನ್ನಿಗೆ ಇಳಿಯುವುದಿಲ್ಲ. ಅದಕ್ಕೆ ಒಂದು ಬಗೆಯ ಸ್ಪಿರಿಟ್ಟು ಬೆರೆಸಿ ಬೆಚ್ಚಗೆ ಕದಡಿದರೆ ತೆಳ್ಳಗಾಗುತ್ತದೆ, ಡೀಸೆಲ್ಲಿನ ಹಾಗೆ ಉರಿಯುತ್ತದೆ.

“ಆದ್ರೆ ಇವೆರಡೂ ತಾವಾಗಿ ಕೂಡಲ್ಲ. ನಡುವೆ ಒಬ್ಬರು ನಿಂತು ಕೂಡಿಸಬೇಕು. ಬೂದಿ ಆ ಕೆಲಸ ಮಾಡುತ್ತೆ. ಕೂಡಿಸಿ ತಾನು ತಳಕ್ಕೆ ಹೋಗಿ ಸುಮ್ಮನೆ ಕೂರುತ್ತೆ.”

“ಮದುವೆ ದಲ್ಲಾಳಿ ಅನ್ನಿ.”

“ಹೂಂ. ಊಟಕ್ಕೆ ಕೂರದ ದಲ್ಲಾಳಿ.”

ಅಲ್ಲಿಂದ ಶುರುವಾಯಿತು. ಯಾವ ಬೂದಿ ಒಳ್ಳೆಯದು ಅಂತ ಹುಡುಕಿ ಹುಡುಕಿ, ಬಾಳೆಹಣ್ಣಿನ ಸಿಪ್ಪೆಯ ಬೂದಿಗೆ ಬಂದು ನಿಂತರು. ಬೇಕರಿಯಲ್ಲಿ ಬಾಳೆಹಣ್ಣಿನ ಕೇಕಿಗೆ ಸುಲಿದ ಸಿಪ್ಪೆ ಬುಟ್ಟಿಗಟ್ಟಲೆ ಬೀಳುತ್ತಿತ್ತು. ಬೂದಣ್ಣ ಅದನ್ನು ತಾರಸಿಯ ಮೇಲೆ ಒಣಗಿಸಿ ಸುಡುತ್ತಿದ್ದ. ಆ ಕರಿ ಬೂದಿಯನ್ನು ಕಬ್ಬಿಣದ ತಟ್ಟೆಯಲ್ಲಿ ಹರಡಿ ಒಲೆಯ ಅತಿ ಬಿಸಿ ಮೂಲೆಯಲ್ಲಿ ಒಂದು ಪಾಳಿ ಪೂರ್ತಿ ಇಟ್ಟರೆ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಬಿಸಿ ಆರುವ ಮೊದಲೇ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿಯಬೇಕು. ಗಾಳಿಯ ತೇವ ತಗುಲಿದರೂ ಕೆಟ್ಟಿತು.

ಅಕ್ಷರ ಆತನಿಗೆ ಹತ್ತಿರ ಬಂದಿರಲಿಲ್ಲ. ಕಲಿತದ್ದು ಎರಡರ ಮಗ್ಗಿ ಒಂದೇ. ಹಾಗಾಗಿ ಡಬ್ಬಗಳಿಗೆ ತಂತಿ ಕಟ್ಟುತ್ತಿದ್ದ. ಒಂದು ಸುತ್ತು ಇದ್ದರೆ ಇನ್ನೂ ಬೆಳ್ಳಗಾಗದ ಹಸಿ ಬೂದಿ. ಎರಡು ಸುತ್ತು ಇದ್ದರೆ ಕೆಲಸಕ್ಕೆ ಬಂದ ಬೂದಿ.

ಮೊದಲ ಸಲ ಮುಚ್ಚಳ ಸಡಿಲ ಬಿಟ್ಟು ಎಲ್ಲ ಗೋಂದಾಗಿ ಹೋದಾಗ ಬೂದಣ್ಣ ಮುಖ ತೋರಿಸದೆ ಸೌದೆಯ ರಾಶಿಯ ಹಿಂದೆ ಕೂತಿದ್ದ. ಟೀಚರು ಆ ಗೋಂದನ್ನೇ ಒಂದು ಹಿಡಿ ತೆಗೆದುಕೊಂಡು ಜಿಡ್ಡು ಕೈ ಉಜ್ಜಿ, ನಲ್ಲಿ ಕೆಳಗೆ ಹಿಡಿದು ತೋರಿಸಿದಳು. “ನೋಡಿ, ನೊರೆ. ಸೋಪಾಗಿದೆ. ಎಣ್ಣೆಯಾಗಿಲ್ಲ ಅಷ್ಟೇ.”

\*

ಒಳಗೆ ನಡುಮನೆಯಲ್ಲಿ ಬೂದಣ್ಣನನ್ನು ಕಿಟಕಿಯ ಪಕ್ಕ ಮಲಗಿಸಿದ್ದರು. ಮೊನ್ನೆ ಸಂಜೆ ಹೊಸ ಡ್ರಮ್ಮಿನ ಎಣ್ಣೆಯನ್ನು ನೀರಲ್ಲಿ ತೊಳೆದು, ತಿಳಿಯಾಗಲು ಬಿಟ್ಟು, ಶೆಡ್ಡಿಗೆ ಬೀಗ ಹಾಕಿ ಬಂದಿದ್ದ. ನಿನ್ನೆ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟ, ಇಟ್ಟ ಕೈ ಮತ್ತೆ ಮೇಲೇಳಲಿಲ್ಲ. ಲೋಟ ಮಗುಚಲೂ ಇಲ್ಲ.

ಹೆಂಡತಿ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಆಕೆಯ ಮುಂದಿದ್ದ ಚಹಾ ಕೆನೆಗಟ್ಟಿತ್ತು. ಅದು ಮೂರನೆಯ ಲೋಟ.

“ಅಕ್ಕ, ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ. ಒಂದು ಗುಟುಕಾದ್ರೂ ಕುಡಿ,” ಅಂದ ಆಕೆಯ ತಮ್ಮ. ಅಳುವವರ ನಡುವೆ ನಗಿಸುವ ಕಾಯಿಲೆಯವನು. “ಬಾವ ಇದ್ದಿದ್ರೆ ಈ ಚಹಾ ಜರಡಿ ಹಿಡಿದು, ಡಬ್ಬಕ್ಕೆ ಹಾಕಿ, ತಂತಿ ಸುತ್ತಿ ಇಡ್ತಿದ್ರು.”

ಆಕೆ ತಲೆ ಅಲ್ಲಾಡಿಸಿದಳು. ಒಡೆದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಸುಡೋದು ಬೇಡ ಅಂತ ಅವರೇ ಹೇಳಿದ್ರಂತೆ?” ಅಂತ ಬಂದವರಲ್ಲಿ ಯಾರೋ ಕೇಳಿದರು.

“ಹೂಂ, ಮಣ್ಣೇ ಸಾಕು ಅಂದಿದ್ರು,” ತಮ್ಮ ಹೇಳಿದ. “ಸುಟ್ರೆ ಟೀಚರಮ್ಮ ಬಂದು ನನ್ನನ್ನೂ ಜರಡಿ ಹಿಡೀತಾರೆ ಕಣೋ ಅಂತಿದ್ರು.”

ಆಗಷ್ಟೇ ಹೊಸ್ತಿಲು ದಾಟಿದ ಟೀಚರು ಅಲ್ಲೇ ನಿಂತಳು. ತಲೆಯೆಲ್ಲ ನರೆತಿತ್ತು, ಕೈಯಲ್ಲಿ ಕೋಲು ಬಂದಿತ್ತು. “ಹಿಡೀತಿದ್ದೆ,” ಅಂದಳು. “ಬಿಡ್ತಿದ್ನಾ?” ಹೇಳಿ ಮುಗಿಸುವ ಮೊದಲೇ ಕಣ್ಣು ತುಂಬಿತು. ಹೆಂಡತಿಯ ಪಕ್ಕ ಕಷ್ಟಪಟ್ಟು ಕೆಳಗೆ ಕೂತಳು.

ಮಗಳೂ ಡ್ರೈವರೂ ಹಿಂದೆಯೇ ಬಂದರು. ಮಗಳು ಡ್ರಮ್ಮಿನ ವಿಷಯ ತೆಗೆದಳು. ಹಾಕಬೇಕೋ ಬೇಡವೋ, ನೀವೇ ಹೇಳಿ ಅಂದಳು. “ಕೊನೆಕೊನೆಗೆ ಅಪ್ಪನ ಕೈ ತಪ್ತಿತ್ತು. ನಿಮಗೂ ಗೊತ್ತಲ್ಲ.”

ಡ್ರೈವರು ಕೈಯಲ್ಲಿದ್ದ ಟೋಪಿಯನ್ನು ಹಿಂಡಿದ.

“ವ್ಯಾನು ನಿಂತ ದಿನ ಅಣ್ಣನ ಕೈ ತಪ್ಪಿರಲಿಲ್ಲ. ಶೀಸೆಯಲ್ಲಿ ನೋಡಿ, ಯಾಕೋ ಮಂಕಾಗಿದೆ, ಇವತ್ತು ಬೇಡ ಕಣೋ ಅಂದಿದ್ರು. ನಂಗೆ ಅವಸರ. ಅವರು ಕೈ ತೊಳೆಯೋಕೆ ಹೋದಾಗ ನಾನೇ ಟ್ಯಾಂಕಿಗೆ ಸುರ್ಕೊಂಡೆ. ಗುಮಾಸ್ತ ಬಂದು ಕೂಗಾಡಿದಾಗ ಅಣ್ಣ ನನ್ನ ಕಡೆ ನೋಡ್ಲೇ ಇಲ್ಲ. ನನ್ನದೇ ಮರೆವು ಸ್ವಾಮಿ, ವಯಸ್ಸಾಯ್ತು ಅಂದ್ರು. ನನ್ನ ಕೆಲಸ ಉಳೀತು. ಎರಡು ತಿಂಗಳಿಂದ ಹೇಳ್ಬೇಕು ಹೇಳ್ಬೇಕು ಅಂತಿದ್ದೆ...”

“ಸುರಿದದ್ದು ನೀನು. ಕೆಡಿಸಿದ್ದು ನೀನಲ್ಲಪ್ಪ.”

ಮಾತಾಡಿದ್ದು ಹೆಂಡತಿ. ನಿನ್ನೆಯಿಂದ ಆಕೆಯ ಬಾಯಿಂದ ಬಂದ ಮೊದಲ ಮಾತು ಅದು.

“ಕೆಡಿಸಿದ್ದು ನಾನು.”

“ಅಯ್ಯೋ, ಹೀಗೆ ಎಲ್ಲರೂ ತಪ್ಪು ಹಂಚ್ಕೊಳ್ಳೋಕೆ ನಿಂತರೆ ನಮಗೇನು ಉಳಿಯುತ್ತೆ?” ಅಂದ ತಮ್ಮ. ಯಾರೂ ನಗಲಿಲ್ಲ. ಆಕೆ ಸೆರಗಿನಿಂದ ಕೈ ಹೊರಗೆ ತೆಗೆದು ಎಲ್ಲರ ಮುಂದೆ ಹಿಡಿದಳು.

\*

ಶೆಡ್ಡು ಸೋರುತ್ತದೆ ಅಂತ ಡಬ್ಬಗಳೆಲ್ಲ ಮನೆಯ ಹಿಂದಿನ ಕೋಣೆಯ ಹಲಗೆಯ ಮೇಲೆ ಇರುತ್ತಿದ್ದವು. ಕೆಲವು ತಿಂಗಳ ಹಿಂದೆ ಒಂದು ದಿನ ಪಾತ್ರೆ ತಿಕ್ಕುವ ಪುಡಿ ಮುಗಿದಿತ್ತು. ಹೆಂಡತಿ ಎರಡು ಸುತ್ತಿನ ಡಬ್ಬದಿಂದ ಒಂದು ಚಿಟಿಕೆ ತೆಗೆದಳು. ವರ್ಷಗಟ್ಟಲೆ ಮಸಿ ಹಿಡಿದಿದ್ದ ಪಾತ್ರೆ ಅಂಗಡಿಯಿಂದ ತಂದ ಹಾಗೆ ಹೊಳೆಯಿತು. ಮರುದಿನ ಒಂದು ಹಿಡಿ. ಆಮೇಲೆ ಅದೇ ರೂಢಿಯಾಯಿತು.

ಡಬ್ಬ ಇಳಿದದ್ದು ಗಂಡನಿಗೆ ಗೊತ್ತಾಗಬಾರದಲ್ಲ. ಆಕೆ ನೀರು ಕಾಯಿಸುವ ಒಲೆಯ ಬೂದಿಯನ್ನು ತೆಗೆದು, ಮೇಲಿನವರೆಗೆ ತುಂಬಿ, ತಂತಿಯನ್ನು ಇದ್ದ ಹಾಗೇ ಸುತ್ತಿಡುತ್ತಿದ್ದಳು. ಬೂದಿಗೆ ಬೂದಿ ಸರಿಹೋಯಿತು ಅಂದುಕೊಂಡಳು. ಕೆಂಡ ಆರಲಿ ಅಂತ ಆ ಒಲೆಗೆ ದಿನವೂ ನೀರು ಚಿಮುಕಿಸುತ್ತಿದ್ದವಳೂ ಆಕೆಯೇ.

ವ್ಯಾನು ನಿಂತ ಮರುದಿನ ಟೀಚರು ಮನೆಗೆ ಬಂದು ಡಬ್ಬ ಬಿಚ್ಚಿಸಿದಳು. ಬೆರಳಲ್ಲಿ ತೆಗೆದು ತಿಕ್ಕಿ ನೋಡಿ, “ಇದೇನು, ಒದ್ದೆ ಇದೆ! ಬಣ್ಣವೂ ಬೇರೆ. ಹೇಗಾಯ್ತು ಇದು?” ಅಂತ ಕೇಳಿದಳು. ಬೂದಣ್ಣ ಡಬ್ಬದೊಳಗೆ ನೋಡಿದ. ಬಹಳ ಹೊತ್ತು ನೋಡಿದ. “ಮುಚ್ಚಳ ಹಾಕೋದು ಮರೆತಿದ್ದೆ ಟೀಚರೇ. ಈಚೆಗೆ ಮರೆವು ಜಾಸ್ತಿ,” ಅಂದ. ಬಾಗಿಲ ಹಿಂದೆ ನಿಂತಿದ್ದ ಆಕೆಗೆ ಆಗ ತಿಳಿಯಿತು, ತಾನು ಮಾಡಿದ್ದೇನು ಅಂತ. ಹೊರಗೆ ಬಂದು ಹೇಳಬೇಕೆಂದರೆ ಕಾಲು ಬರಲಿಲ್ಲ.

ಅವತ್ತು ಸಂಜೆ ಗಂಡ ಆಕೆಯ ಕೈ ಹಿಡಿದು ತಿರುಗಿಸಿ ನೋಡಿದ. ಬೆರಳ ತುದಿಗಳು ಬಿಳಚಿ ಒಡೆದಿದ್ದವು. ಆತನ ಬೆರಳುಗಳೂ ನಲವತ್ತು ವರ್ಷದಿಂದ ಹಾಗೇ ಇದ್ದವು.

“ಏನಾಯ್ತು ಇದಕ್ಕೆ?”

“ಚಳಿಗೆ ಒಡೆದಿದೆ.”

ನಡುಬೇಸಿಗೆ. ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು.

“ಹೌದೌದು,” ಅಂದ ಬೂದಣ್ಣ. “ಈ ವರ್ಷ ಚಳಿ ಸ್ವಲ್ಪ ಜಾಸ್ತಿಯೇ.” ಕೊಬ್ಬರಿ ಎಣ್ಣೆ ತಂದು ಒಂದೊಂದೇ ಬೆರಳಿಗೆ ಹಚ್ಚಿದ. ಅವತ್ತಿನಿಂದ ಮೊನ್ನೆಯವರೆಗೆ ಒಂದು ಸಂಜೆಯೂ ತಪ್ಪಿಸಿರಲಿಲ್ಲ.

\*

“ಹೇಳೋಣ ಅಂತಲೇ ಇದ್ದೆ,” ಅಂದಳು ಹೆಂಡತಿ. “ಇವತ್ತು ಹೇಳೋಣ, ನಾಳೆ ಹೇಳೋಣ. ನನ್ನಿಂದ ಅವರು ಊರ ಬಾಯಲ್ಲಿ ಅರಳುಮರಳು ಅನ್ನಿಸ್ಕೊಂಡ್ರು. ಅದನ್ನೇ ಹೊತ್ಕೊಂಡು ಹೋದ್ರು. ಈ ಡ್ರಮ್ಮಿಗೆ ಯಾವ ಡಬ್ಬದ್ದು ಹಾಕಿದ್ರೋ ಏನೋ. ಮನೇಲಿದ್ದ ಡಬ್ಬಕ್ಕೆಲ್ಲ ನಾನು ಕೈ ಹಾಕಿದೀನಿ. ಬೇಡ, ಆ ಎಣ್ಣೆ ಹಾಕ್ಬೇಡಿ. ದಾರೀಲಿ ಅವರನ್ನ ಇನ್ನೊಂದು ಸಲ ನಿಲ್ಲಿಸ್ಬೇಡಿ.”

ಬ್ರೆಡ್ಡಿನ ಬುಟ್ಟಿ ಹೊತ್ತು ಒಳಗೆ ಬಂದಿದ್ದ ಬೇಕರಿಯವನು ಅಷ್ಟು ಹೊತ್ತಿಂದಲೂ ಅದನ್ನು ಇಳಿಸದೆ ನಿಂತಿದ್ದ. ಹುಬ್ಬಿಗೆಲ್ಲ ಹಿಟ್ಟು ಮೆತ್ತಿತ್ತು.

“ಅತ್ತಿಗೆ, ಮನೆ ಡಬ್ಬದ್ದು ಅಲ್ಲ ಅದು,” ಅಂದ.

ಎಲ್ಲರೂ ತಿರುಗಿದರು.

“ವ್ಯಾನು ನಿಂತ ವಾರವೇ ಹೊಸದಾಗಿ ಸುಟ್ಟು ಮೂರು ಡಬ್ಬ ತುಂಬಿದ್ರು. ನನ್ನ ಒಲೆ ಮೇಲಿನ ಗೂಡಲ್ಲಿ ಇಟ್ಕೋತೀನಿ ಅಂದ್ರು. ನಾನು ಕೇಳ್ದೆ, ಯಾಕಣ್ಣ, ಮನೇಲಿ ಜಾಗ ಇಲ್ವಾ ಅಂತ. ಮನೇಲಿ ಬೂದಿಗೆ ಬೇರೆ ಕೆಲಸ ಸಿಕ್ಕಿದೆ ಕಣೋ ಅಂದ್ರು. ನಂಗರ್ಥ ಆಗ್ಲಿಲ್ಲ. ಮೊನ್ನೆ ಬೆಳಿಗ್ಗೆ ಅಲ್ಲಿಂದಲೇ ಒಂದು ಡಬ್ಬ ತೆಗೊಂಡು ಹೋದ್ರು. ಇನ್ನೆರಡು ಹಾಗೇ ಇವೆ.”

ಹೆಂಡತಿ ಆತನನ್ನೇ ನೋಡಿದಳು. ಅಡುಗೆಮನೆಯ ಮೂಲೆಯಲ್ಲಿ, ಪಾತ್ರೆ ತೊಳೆಯುವ ಜಾಗದಲ್ಲಿ, ಎರಡು ತಿಂಗಳಿಂದ ಒಂದು ಪುಟ್ಟ ಡಬ್ಬ ಇತ್ತು. ಬರೀ ಒಲೆಯ ಬೂದಿ, ಹಿಟ್ಟಿನಷ್ಟು ನುಣ್ಣಗೆ ಜರಡಿ ಹಿಡಿದದ್ದು. ಅದಕ್ಕೆ ತಂತಿ ಇರಲಿಲ್ಲ. ಯಾರು ಇಟ್ಟರು ಅಂತ ಆಕೆ ಕೇಳಿರಲಿಲ್ಲ. ಕೇಳಿದರೆ ಉಳಿದದ್ದೂ ಹೇಳಬೇಕಾಗುತ್ತದಲ್ಲ ಅಂತ.

“ಬೇರೆ ಕೆಲಸ ಸಿಕ್ಕಿದೆ ಅಂದ್ರಲ್ಲ,” ಆಕೆ ಮೆಲ್ಲಗೆ ಕೇಳಿದಳು, “ಹೇಳುವಾಗ ಬೇಜಾರಲ್ಲಿದ್ರಾ?”

“ಬೇಜಾರಾ? ನಗ್ತಿದ್ರು ಅತ್ತಿಗೆ. ಹೇಳೋಕೆ ಮುಂಚೆಯೂ ನಕ್ಕರು, ಹೇಳಿದ ಮೇಲೂ ನಕ್ಕರು. ನಾನೇ ಪೆದ್ದನ ಹಾಗೆ ನಿಂತಿದ್ದೆ.”

ಆಕೆ ಗಂಡನ ಕಡೆ ತಿರುಗಿದಳು. ಹೊದಿಕೆಯ ಮೇಲಿದ್ದ ಆತನ ಒಡೆದ ಬೆರಳುಗಳ ಮೇಲೆ ತನ್ನ ಒಡೆದ ಬೆರಳುಗಳನ್ನು ಇಟ್ಟಳು. ಆಗ ಅಳು ಬಂತು. ನಿನ್ನೆಯಿಂದ ಬಾರದೆ ನಿಂತದ್ದು.

ಅಳು ಒಂದಿಷ್ಟು ಇಳಿಯುವವರೆಗೆ ಟೀಚರು ಕಾದಳು. ಆಮೇಲೆ ಮಗಳಿಗೆ ಹೇಳಿದಳು: “ಬೂದಿ ಒಳ್ಳೇದಾದ್ರೆ ಆಯ್ತಾ? ಎಣ್ಣೆ ನೋಡದೆ ಹಾಕೋದನ್ನ ನಿಮ್ಮಪ್ಪ ಒಪ್ತಿರಲಿಲ್ಲ. ಶೀಸೆ ತಗೊಂಡು ಬಾ.”

ಬೂದಣ್ಣ ನೋಡುತ್ತಿದ್ದದ್ದು ಹೀಗೆ. ಶೀಸೆಗೆ ಅರ್ಧ ಎಣ್ಣೆ, ಅರ್ಧ ನೀರು. ಜೋರಾಗಿ ಕುಲುಕಿ ಇಟ್ಟು, ಎರಡರ ಮಗ್ಗಿಯನ್ನು ನಿಧಾನವಾಗಿ ಮೂರು ಸಲ ಹೇಳುವುದು. ಮೂರನೆಯ ಇಪ್ಪತ್ತು ಬರುವಷ್ಟರಲ್ಲಿ ನೀರು ಕೆಳಗೆ, ಎಣ್ಣೆ ಮೇಲೆ ಬೇರೆಯಾದರೆ ಸರಿ. ಬಿಳಿ ನೊರೆ ಹಾಗೇ ನಿಂತರೆ ಸೋಪು.

ಮಗಳು ಡ್ರಮ್ಮಿನಿಂದ ಹಿಡಿದು ತಂದು ಅಂಗಳದ ಕಲ್ಲಿನ ಮೇಲೆ ಕೂತು ಕುಲುಕಿದಳು. ಶೀಸೆಯೊಳಗೆ ಎಲ್ಲ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಕೆಳಗಿಟ್ಟಳು. ಬಂದವರೆಲ್ಲ ಸುತ್ತ ನೆರೆದರು.

ಡ್ರೈವರೇ ಮಗ್ಗಿ ಶುರು ಮಾಡಿದ. “ಎರಡೊಂದ್ಲಿ ಎರಡು. ಎರಡೆರಡ್ಲಿ ನಾಲ್ಕು.”

“ಎರಡ್ಮೂರ್ಲಿ ಆರು,” ತಮ್ಮ ಸೇರಿಕೊಂಡ. ಟೀಚರು ಸೇರಿದಳು. ಬೇಕರಿಯವನು ಸೇರಿದ. ಅಂಗಳದಲ್ಲಿದ್ದ ಹದಿನೈದು ಇಪ್ಪತ್ತು ಜನ, ಕೆಲವರು ಚಪ್ಪಲಿ ಬಿಟ್ಟವರು, ಕೆಲವರು ಮೂಗು ಒರೆಸಿಕೊಳ್ಳುವವರು, ಒಂದೇ ರಾಗದಲ್ಲಿ ಹೇಳಿದರು. ಮೊದಲ ಇಪ್ಪತ್ತಿಗೆ ಬಿಳುಪು ಹಾಗೇ ಇತ್ತು. ಎರಡನೆಯ ಇಪ್ಪತ್ತಿಗೆ ತಳದಲ್ಲಿ ಒಂದು ಗೆರೆ ಮಂಕಾಗಿ ಮೂಡಿದಂತೆ ಕಂಡಿತು, ಕಾಣದಂತೆಯೂ ಆಯಿತು. ಮಗಳು ಶೀಸೆಯಿಂದ ಕಣ್ಣು ಕಿತ್ತಿರಲಿಲ್ಲ. ಮೂರನೆಯ ಸಲ ಬಾಗಿಲ ಕಡೆಯಿಂದ ಇನ್ನೊಂದು ದನಿ ಕೂಡಿತು. ಹೆಂಡತಿ ಚೌಕಟ್ಟು ಹಿಡಿದು ನಿಂತಿದ್ದಳು.

“ಎರಡೆಂಟ್ಲಿ ಹದಿನಾರು. ಎರಡೊಂಬತ್ಲಿ ಹದಿನೆಂಟು.”

ಇಪ್ಪತ್ತು ಅನ್ನುವ ಮೊದಲೇ ಎಲ್ಲರೂ ನಿಲ್ಲಿಸಿದರು. ಶೀಸೆಯ ನಡುವೆ ದಾರ ಎಳೆದಷ್ಟು ನೇರವಾಗಿ ಗೆರೆ ಬಿದ್ದಿತ್ತು. ಕೆಳಗೆ ನೀರು. ಮೇಲೆ ಜೇನಿನ ಬಣ್ಣ.

ಮಗಳು ಮುಷ್ಟಿ ಬಿಡಿಸಿ ಬೀಗದ ಕೈಯನ್ನು ಡ್ರೈವರಿಗೆ ಕೊಟ್ಟಳು. ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು.

\*

ಹನ್ನೊಂದು ಗಂಟೆಗೆ ಸರಿಯಾಗಿ ವ್ಯಾನು ಒಂದೇ ಸಲಕ್ಕೆ ಶುರುವಾಯಿತು. ಡ್ರೈವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮುಂದಿನ ಸೀಟಿನಲ್ಲಿ ತಾಯಿ ಮಗಳು ಕೂತರು. ತಾಯಿಯ ಮಡಿಲಲ್ಲಿ ಬೇಕರಿಯವನು ಒತ್ತಾಯ ಮಾಡಿ ಇಟ್ಟ ಬ್ರೆಡ್ಡಿನ ಪೊಟ್ಟಣ. ಉಳಿದವರು ಹಿಂದೆ ನಡೆದರು.

ಓಣಿ ದಾಟುವಷ್ಟರಲ್ಲಿ ಹೊಗೆಯ ವಾಸನೆ ಹರಡಿತು. ಊರಿಗೆಲ್ಲ ಗೊತ್ತಿದ್ದ ವಾಸನೆ ಅದು. ಯಾರೋ ಈಗಷ್ಟೇ ಬಾಣಲೆ ಇಟ್ಟು ಏನನ್ನೋ ಗರಿಗರಿಯಾಗಿ ಕರಿಯುತ್ತಿರುವ ಹಾಗೆ. ನನ್ನ ವ್ಯಾನಿನ ಹಿಂದೆ ಬರುವವರೆಲ್ಲ ಅಳುತ್ತ ಬಂದು ಹಸಿದು ಹೋಗ್ತಾರೆ, ನಾಚಿಕೆಯಾಗುತ್ತೆ ಅಂತ ಡ್ರೈವರು ಹನ್ನೊಂದು ವರ್ಷದಿಂದ ಗೊಣಗುತ್ತಿದ್ದ. ಬೂದಣ್ಣ ಅದಕ್ಕೆ, ಬದುಕಿದ್ದವರಿಗೆ ಹಸಿವಾಗಲೇಬೇಕಲ್ಲೋ ಅನ್ನುತ್ತಿದ್ದ.

“ಬಾವ ಹೋಗ್ತಾ ಹೋಗ್ತಾನೂ ಹೊಟ್ಟೆ ಚುರುಗುಟ್ಟಿಸ್ತಿದಾರೆ,” ಅಂತ ಹಿಂದಿನಿಂದ ತಮ್ಮನ ದನಿ ಕೇಳಿತು. ಈ ಸಲ ಜನ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ನಾಲ್ಕು ರಸ್ತೆ ಸೇರುವ ಜಾಗ ಹತ್ತಿರ ಬಂತು. ಡ್ರೈವರು ಉಸಿರು ಬಿಗಿಹಿಡಿದು ಗೇರು ಬದಲಿಸಿದ. ತಾಯಿ ಕಿಟಕಿಯಿಂದ ಬಂದ ಗಾಳಿಯನ್ನು ಒಮ್ಮೆ ಮೂಸಿದಳು.

“ಹಸಿವಾಗ್ತಾ ಇದೆ ಕಣೇ,” ಅಂದಳು.

ಮಗಳು ಪೊಟ್ಟಣ ಬಿಚ್ಚಿದಳು. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ತಾಯಿ ಒಡೆದ ಬೆರಳುಗಳಿಂದ ಒಂದು ತುಂಡು ಮುರಿದು ಬಾಯಿಗಿಟ್ಟು, ಇನ್ನೊಂದು ತುಂಡನ್ನು ಡ್ರೈವರಿಗೆ ಚಾಚಿದಳು. ಆತ ಎಡಗೈಯಲ್ಲಿ ಅದನ್ನು ತೆಗೆದುಕೊಂಡು ಬಲಗೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿರುವಾಗಲೇ ವ್ಯಾನು ನಾಲ್ಕು ರಸ್ತೆಯನ್ನು ದಾಟಿ ಏರು ಹತ್ತತೊಡಗಿತು.